ಅಮಾವಾಸ್ಯೆಯ ವಾರದ ಹಾಜರಿ

ಹೋದ ಚಳಿಗಾಲದಲ್ಲಿ ಘಣಸೋಲಿ ಸ್ಟೇಷನ್ನಿನಲ್ಲಿ ಇಳಿದಾಗ ಸಜ್ಜೆ ರೊಟ್ಟಿಯ ವಾಸನೆ ಬಂತು. ಬೆಂಚಿನ ಮೇಲೆ ಕೂತ ಹೆಂಗಸೊಬ್ಬಳು ಬಟ್ಟೆಯ ಗಂಟು ಬಿಚ್ಚಿ, ಎಳ್ಳು ಮೆತ್ತಿದ ಗಟ್ಟಿ ರೊಟ್ಟಿಯನ್ನು ಲಟಕ್ಕನೆ ಮುರಿದು ಪಕ್ಕದವಳಿಗೆ ದಾಟಿಸುತ್ತಿದ್ದಳು. ಪನವೇಲ್ ಕಡೆಯ ಲೋಕಲ್ ಬಂದು ಹೋಯಿತು, ಜನ ನನ್ನನ್ನು ತಳ್ಳಿಕೊಂಡು ಮೆಟ್ಟಿಲು ಇಳಿದರು, ನಾನು ಮಾತ್ರ ಅಲ್ಲೇ ನಿಂತಿದ್ದೆ. ಸುಟ್ಟ ಎಳ್ಳಿನ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಹಸಿವಾಗುವುದಿಲ್ಲ, ನಾಚಿಕೆಯಾಗುತ್ತದೆ. ಅದರ ಹಿಂದೆಯೇ ಹಠ ಬರುತ್ತದೆ. ಎರಡೂ ಇದೇ ಘಣಸೋಲಿಯಲ್ಲಿ, ಹತ್ತು-ಹನ್ನೆರಡು ವರ್ಷಗಳ ಹಿಂದಿನ ಒಂದು ಚಳಿಗಾಲದಲ್ಲಿ ಗಳಿಸಿದ್ದು.

ನಾನು ಡೊಂಬಿವಲಿಯಲ್ಲಿ ಹುಟ್ಟಿದವಳು. ಅಪ್ಪ ಉಡುಪಿ ಕಡೆಯಿಂದ ಬಂದು ಸ್ಟೇಷನ್ನಿನ ಪೂರ್ವಕ್ಕೆ ಸಣ್ಣ ಹೋಟೆಲು ಇಟ್ಟಿದ್ದರು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ. ಜಗಳಕ್ಕೆ ಮಾತ್ರ ನನಗೆ ಯಾವ ಭಾಷೆಯಾದರೂ ಸಾಕಿತ್ತು. ಈ ಗುಣ ನೋಡಿಯೇ ಇರಬೇಕು, ಕಲ್ಯಾಣದ ಒಂದು ಜೂನಿಯರ್ ಕಾಲೇಜಿನವರು ನನ್ನನ್ನು ತರ್ಕಶಾಸ್ತ್ರ ಕಲಿಸಲು ಇಟ್ಟುಕೊಂಡರು. ಇಲ್ಲಿ ಹನ್ನೊಂದು, ಹನ್ನೆರಡನೇ ತರಗತಿಯಲ್ಲಿ ಕಲಾ ವಿಭಾಗದ ಮಕ್ಕಳು ತರ್ಕಶಾಸ್ತ್ರವನ್ನು ಒಂದು ವಿಷಯವಾಗಿ ಓದಬಹುದು. ಸುಲಭ ಎಂದು ತೆಗೆದುಕೊಳ್ಳುತ್ತಾರೆ. ಮೊದಲ ಪರೀಕ್ಷೆಯಾದ ಮೇಲೆ ನನ್ನನ್ನು ಶಪಿಸುತ್ತಾರೆ.

ಪ್ರತಿ ವರ್ಷವೂ ಮೊದಲ ವಾರ ಮಕ್ಕಳಿಗೆ ನಾನು ಅಪ್ಪನ ಹೋಟೆಲಿನ ಗ್ರೈಂಡರಿನ ಕಥೆ ಹೇಳುತ್ತಿದ್ದೆ. ಒಂದು ವಾದ ಒಳ್ಳೆಯದೋ ಅಲ್ಲವೋ ಎಂದು ನೋಡಲು ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ಗ್ರೈಂಡರ್ ಸರಿಯಾಗಿ ತಿರುಗುತ್ತಿದೆಯೇ? ಎಂದರೆ, ಹೇಳಿದ ಆಧಾರಗಳಿಂದ ಆ ತೀರ್ಮಾನ ಹೊರಡುತ್ತದೆಯೇ? ಎರಡನೆಯದು, ಅದಕ್ಕೆ ಹಾಕಿದ ಅಕ್ಕಿ ಒಳ್ಳೆಯದೇ? ಎಂದರೆ, ಆ ಆಧಾರಗಳು ನಿಜವೇ? ಹುಳ ಬಿದ್ದ ಅಕ್ಕಿಯನ್ನೂ ಒಳ್ಳೆಯ ಗ್ರೈಂಡರು ನುಣ್ಣಗೇ ಅರೆದು ಕೊಡುತ್ತದೆ. ಮಕ್ಕಳು ನಗುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ಎಲ್ಲ ಅಂಕವೂ ಮೊದಲ ಪ್ರಶ್ನೆಗೇ ಇದ್ದುದರಿಂದ ಎರಡನೆಯದನ್ನು ನಾನೂ ಮಕ್ಕಳೂ ಜೂನ್ ತಿಂಗಳಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದೆವು.

ಘಣಸೋಲಿಯಲ್ಲಿ ನಮ್ಮ ಕಡೆಯವರು ಸೇರಿ ಕಟ್ಟಿದ ಒಂದು ಕನ್ನಡ ಸಂಘವಿತ್ತು. ಸಂಘಕ್ಕೊಂದು ಹಾಲ್ ಇತ್ತು, ಹಳೆಯ ಊರಿನ ಓಣಿಗಳು ಮುಗಿದು ಹೊಸ ಸೆಕ್ಟರುಗಳು ಶುರುವಾಗುವ ಕಡೆ, ಪಾನ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಸುತ್ತ ಎಲ್ಲಿ ನೋಡಿದರೂ ಕಟ್ಟಡಗಳು ಏಳುತ್ತಿದ್ದವು, ಅವನ್ನು ಎಬ್ಬಿಸುತ್ತಿದ್ದವರು ಕಲಬುರಗಿ, ವಿಜಯಪುರ, ರಾಯಚೂರಿನ ಜನ. ಅವರ ಮಕ್ಕಳಿಗಾಗಿ ಆ ಹಾಲಿನಲ್ಲಿ ದಿನವೂ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಕ್ಲಾಸು ನಡೆಯುತ್ತಿತ್ತು. ಕಟ್ಟಡ ಮುಗಿದರೆ ಅಪ್ಪ-ಅಮ್ಮ ಬೇರೆ ಸೈಟಿಗೋ ಊರಿಗೋ ಹೊರಡುತ್ತಾರೆ. ಆರು ತಿಂಗಳಿಗೆಂದು ಮರಾಠಿ ಶಾಲೆ ಸೇರಿದ ಮಗು ಅಲ್ಲೂ ಕಲಿಯುವುದಿಲ್ಲ, ಊರಿಗೆ ಮರಳಿದಾಗ ಅಲ್ಲಿನ ಶಾಲೆಯಲ್ಲೂ ಹಿಂದೆ ಬೀಳುತ್ತದೆ. ಕನ್ನಡ ಓದು-ಬರಹ, ಲೆಕ್ಕ ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದು ಈ ಕ್ಲಾಸಿನ ಕೆಲಸ. ಅದನ್ನು ನಡೆಸುತ್ತಿದ್ದವಳು ಕಸ್ತೂರಿ ಟೀಚರ್, ಆಳಂದ ಕಡೆಯವಳು, ಪಿಯುಸಿ ಓದಿದವಳು. ಗಂಡ ಸೆಂಟ್ರಿಂಗ್ ಕೆಲಸಗಾರ. ಮದುವೆಯಾಗಿ ಬಂದ ಮೊದಲ ವರ್ಷ ಅವಳೂ ಇಟ್ಟಿಗೆ ಹೊತ್ತಿದ್ದಳಂತೆ.

ಸಂಘದ ಅಧ್ಯಕ್ಷರು ಸಂಜೀವಣ್ಣ. ಮಾಜಿವಾಡಾದಲ್ಲಿ ಹೈವೇ ಪಕ್ಕ ಅವರದೊಂದು ಹೋಟೆಲು. ಅಪ್ಪನ ಸ್ನೇಹಿತರು, ನನ್ನನ್ನು ಚಿಕ್ಕಂದಿನಿಂದ ಕಂಡವರು. ಆ ಚಳಿಗಾಲದಲ್ಲಿ ಅವರಿಗೆ ಹೊಸದೊಂದು ಆಸೆ ಹುಟ್ಟಿತ್ತು, ನಮ್ಮ ಮಕ್ಕಳಿಗೆ ಯಕ್ಷಗಾನ ಕಲಿಸಬೇಕು. ನಮ್ಮ ಮಕ್ಕಳೆಂದರೆ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವರು. ಊರಿನಿಂದ ಗುರುಗಳೊಬ್ಬರು ಬರಲು ಒಪ್ಪಿದ್ದರು. ಹಾಲ್ ಬೇಕಿತ್ತು.

ಡಿಸೆಂಬರಿನ ಒಂದು ಭಾನುವಾರ ಸಂಜೀವಣ್ಣ ಡೊಂಬಿವಲಿಯ ಮನೆಗೆ ಬಂದರು.

"ನೋಡು ವಾರಿಜಾ, ಆ ಕ್ಲಾಸಿಗೆ ಮಕ್ಕಳೇ ಬರುದಿಲ್ಲ ಅಂತ ಒಬ್ಬ ಹೇಳ್ತಾನೆ, ಬರ್ತಾರೆ ಅಂತ ಇನ್ನೊಬ್ಬ. ಕಮಿಟಿಯಲ್ಲಿ ದಿನಾ ಗಲಾಟೆ. ನೀನು ತರ್ಕ ಕಲಿಸುವವಳು, ಮಧ್ಯಾಹ್ನ ನಿಂಗೆ ಬಿಡುವುಂಟು. ನಾಲ್ಕು ದಿನ ಹೋಗಿ ಕಣ್ಣಾರೆ ನೋಡಿ ಬಾ. ನೀನು ಏನು ಬರೀತಿಯೋ ಅದೇ ಫೈನಲ್."

ಇಂಥ ಮಾತಿಗೆ ಉಬ್ಬದೆ ಇರುವಷ್ಟು ದೊಡ್ಡವಳಾಗಿರಲಿಲ್ಲ ನಾನು.

ಎರಡು ವಾರ ಪರೀಕ್ಷೆಯ ಪೇಪರುಗಳಲ್ಲಿ ಕಳೆದವು. ಆಮೇಲೆ ಒಂದು ಸೋಮವಾರ ಶುರುಮಾಡಿದೆ. ಕಾಲೇಜು ಬೆಳಗಿನ ಪಾಳಿಯದು. ಹನ್ನೆರಡಕ್ಕೆ ಬಿಟ್ಟವಳು ಕಲ್ಯಾಣದಿಂದ ಠಾಣೆಗೆ, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಘಣಸೋಲಿಗೆ ಹೋಗುವ ಇನ್ನೊಂದು ಲೋಕಲಿಗೆ. ಐರೋಲಿ ದಾಟುವಾಗ ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಈ ಊರುಗಳಲ್ಲಿ ಚಳಿ ಅಂತ ಇರುವುದೇ ಆ ಮೂರು ವಾರ, ಅದರ ಖುಷಿಗೆ ಎಲ್ಲರೂ ಸ್ವೆಟರ್ ಹಾಕಿ ಬೆವರುತ್ತಾರೆ. ಮೊದಲ ದಿನ ಹಾಲಿನ ಬಾಗಿಲಿಗೆ ಬೀಗವಿತ್ತು. ಪಾನ್ ಅಂಗಡಿಯವನಿಂದ ಕೀಲಿ ತಂದು ತೆರೆದೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತಾರು ಹೆಸರು. ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು, ಅಕ್ಕ-ತಂಗಿ.

"ಟೀಚರ್ ಎಲ್ಲಿ?" ಅಂದೆ.

"ಊರಿಗಿ ಹೋಗ್ಯಾರ್ರಿ."

"ಉಳಿದವರು?"

"ಅವರೂ ಹೋಗ್ಯಾರ್ರಿ."

ಬರೆದುಕೊಂಡೆ. ಮಂಗಳವಾರವೂ ಇಬ್ಬರು. ಬುಧವಾರ ಯಾರೂ ಇಲ್ಲ. ಗುರುವಾರ ಮತ್ತೆ ಅದೇ ಇಬ್ಬರು, ಮೆಟ್ಟಿಲ ಮೇಲೆ ಕುಂಟೆಬಿಲ್ಲೆಯ ಗೆರೆ ಎಳೆದುಕೊಂಡು ಆಡುತ್ತಿದ್ದರು. ಯಾಕೆ ಹೋಗಿದ್ದಾರೆ ಎಂದು ನಾನು ಕೇಳಲಿಲ್ಲ. ತಲೆ ಎಣಿಸಲು ಬಂದಿದ್ದೆ, ತಲೆ ಎಣಿಸಿಕೊಂಡು ಹೋದೆ.

ಶುಕ್ರವಾರ ಸಂಜೆ ಕಮಿಟಿ ಸೇರಿತು. ನನ್ನ ನಾಲ್ಕು ದಿನದ ಲೆಕ್ಕ ಓದಿದೆ. ಟೀಚರ್ ಹೇಳದೆ ಕೇಳದೆ ಹೋಗಿದ್ದಾಳಾ ಎಂದು ಯಾರೋ ಕೇಳಿದರು.

"ಹೇಳಿದ್ದಾಳೆ," ಅಂದರು ಸಂಜೀವಣ್ಣ. "ಫೋನ್ ಮಾಡಿದ್ಳು. ಅಮಾವಾಸ್ಯೆ ಹಬ್ಬ ಉಂಟು, ಒಂದು ವಾರ ಊರಿಗೆ ಹೋಗ್ತೇನೆ ಅಂತ. ಎಂಥ ಅಮಾವಾಸ್ಯೆ ಹಬ್ಬ ಮಾರಾಯ್ರೆ? ದೀಪಾವಳಿ ಮುಗಿದು ಎಷ್ಟು ದಿವಸ ಆಯ್ತು! ನಾನು ಕ್ಯಾಲೆಂಡರ್ ನೋಡಿದೆ. ಹಬ್ಬ ಇದ್ರೆ ನಮಗೆ ಗೊತ್ತಿರ್ತಿರ್ಲಿಲ್ವಾ? ನಾವೂ ಕನ್ನಡದವರೇ ಅಲ್ವಾ?"

ಗೋಡೆಯ ಮೇಲೆ ಸಂಘವೇ ಅಚ್ಚು ಹಾಕಿಸಿದ ಕ್ಯಾಲೆಂಡರಿತ್ತು. ಎಲ್ಲರೂ ತಿರುಗಿ ನೋಡಿದೆವು. ಬುಧವಾರದ ಚೌಕದಲ್ಲಿ ಕಪ್ಪು ಚುಕ್ಕೆ, ಕೆಳಗೆ ಸಣ್ಣ ಅಕ್ಷರದಲ್ಲಿ ಅಮಾವಾಸ್ಯೆ ಅಂತ ಮಾತ್ರ.

ಸಂಜೀವಣ್ಣ ನನ್ನ ಕಡೆ ನೋಡಿದರು. "ನೀನು ಹೇಳು ವಾರಿಜಾ. ತರ್ಕ ಸರಿ ಉಂಟಾ?"

ಮನಸ್ಸಿನಲ್ಲೇ ಮೂರು ಸಾಲು ಬರೆದುಕೊಂಡೆ. ಅದು ಹಬ್ಬವಾಗಿದ್ದರೆ ನಮಗೆ ಗೊತ್ತಿರುತ್ತಿತ್ತು. ನಮಗೆ ಗೊತ್ತಿಲ್ಲ. ಆದ್ದರಿಂದ ಅದು ಹಬ್ಬವಲ್ಲ. ಎಲ್ಲೂ ಬಿರುಕಿಲ್ಲದ ವಾದ. ಪರೀಕ್ಷೆಯಲ್ಲಿ ಯಾರಾದರೂ ಬರೆದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

"ತರ್ಕ ಸರಿ ಇದೆ," ಅಂದೆ.

ಠರಾವಿನ ಪುಸ್ತಕದಲ್ಲಿ ಬರೆದರು: ಹಬ್ಬವೆಂದು ಸುಳ್ಳು ಕಾರಣ ಹೇಳಿ ಟೀಚರ್ ಗೈರುಹಾಜರಾಗಿದ್ದಾರೆ, ಮಕ್ಕಳೂ ಬರುತ್ತಿಲ್ಲ, ಆದ್ದರಿಂದ ಕ್ಲಾಸನ್ನು ನಿಲ್ಲಿಸಲಾಗಿದೆ. ಕೆಳಗೆ ವರದಿ ಕೊಟ್ಟವರೆಂದು ನನ್ನ ಸಹಿ. ಸೋಮವಾರ ಊರಿನಿಂದ ಬಂದ ಕಸ್ತೂರಿಗೆ ಸಂಜೀವಣ್ಣ ಅದನ್ನು ತೋರಿಸಿದರಂತೆ. ಅವಳು ಜಗಳ ಮಾಡಲಿಲ್ಲವಂತೆ. "ಸುಳ್ಳು ಅಂತ ಬರದೀರೇನ್ರಿ?" ಎಂದಷ್ಟೇ ಕೇಳಿ, ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳಂತೆ. ಫೋನಿನಲ್ಲಿ ಇದನ್ನು ಹೇಳಿದ ಸಂಜೀವಣ್ಣ, "ತಪ್ಪು ಒಪ್ಪಿಕೊಂಡ ಹಾಗೇ ಆಯ್ತಲ್ಲ," ಅಂದರು. ಹೌದು ಅಂದೆ. ಆ ವಾದವಂತೂ ಗ್ರೈಂಡರಿನಲ್ಲೂ ತಿರುಗುವಂಥದ್ದಲ್ಲ, ಅದಕ್ಕೂ ಹೌದು ಅಂದೆ.

ಆ ವಾರವೇ ಕಾಲೇಜಿನಲ್ಲಿ ಈ ಬಗೆಯ ವಾದದ ಪಾಠ ಬಂತು. ಪುಸ್ತಕದ ಉದಾಹರಣೆ, ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎನ್ನುವುದು, ನನಗೆ ಬೇಸರ ಹಿಡಿಸಿತ್ತು. ಜೀವಂತ ಉದಾಹರಣೆ ಇರಲಿ ಎಂದು ನನ್ನ ಮೂರು ಸಾಲುಗಳನ್ನು ಮರಾಠಿಯಲ್ಲಿ ಬೋರ್ಡಿನ ಮೇಲೆ ಬರೆದೆ. ಯಾರೋ ಒಬ್ಬ ಟೀಚರ್ ಅಮಾವಾಸ್ಯೆಯ ಹಬ್ಬ ಎಂದು ರಜೆ ಹಾಕಿದ ಕಥೆಯನ್ನೂ ರಸವತ್ತಾಗಿ ಹೇಳಿದೆ. ವಾದ ಸರಿ ಅನ್ನುವವರು ಕೈ ಎತ್ತಿ ಅಂದೆ. ಕೈಗಳು ಎದ್ದವು. ಶಹಭಾಸ್ ಅಂದೆ.

ಕಿಟಕಿ ಪಕ್ಕದ ಬೆಂಚಿನಿಂದ ಸವಿತಾ ಎದ್ದು ನಿಂತಳು. ಉಲ್ಹಾಸನಗರದಿಂದ ಬರುವ ಹುಡುಗಿ, ಅಪ್ಪ ಅಲ್ಲಿಯ ಮಾರ್ಕೆಟಿನಲ್ಲಿ ಲೋಡಿಂಗ್ ಕೆಲಸದವನು. ವರ್ಷದಲ್ಲಿ ನಾಲ್ಕು ಮಾತು ಆಡಿದ್ದರೆ ಹೆಚ್ಚು. ಹಿಂದಿನ ವಾರ ಹೇಳದೆ ಮೂರು ದಿನ ತಪ್ಪಿಸಿಕೊಂಡಿದ್ದಳು ಎಂದು ಸೋಮವಾರವಷ್ಟೇ ಅವಳನ್ನು ನಿಲ್ಲಿಸಿ ಬೈದಿದ್ದೆ.

"ಮ್ಯಾಡಮ್, ಪಹಿಲಂ ವಾಕ್ಯ ಚುಕೀಚಂ ಆಹೇ," ಅಂದಳು. ಮೊದಲ ವಾಕ್ಯ ತಪ್ಪು ಅಂತ.

"ಹೇಗೆ?"

ಅವಳು ಮರಾಠಿಯಲ್ಲಿ ಏನೋ ಶುರುಮಾಡಿ ನಿಲ್ಲಿಸಿದಳು. ಆಮೇಲೆ ನನ್ನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದಳು. "ಅದು ಎಳ್ಳಮಾಸಿ ರೀ. ನಮ್ ಕಡಿ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಕಟಗೊಂಡು ಎಲ್ಲಾರೂ ಹೊಲಕ್ಕ ಹೋಗ್ತೀವಿ. ಹೊಲದ ತುಂಬ ಭೂಮಿತಾಯಿಗಿ ಎಡಿ ಅಂತ ಚರಗಾ ಚೆಲ್ಲಿ, ಅಲ್ಲೇ ಕುಂತು ಉಣ್ತೀವಿ. ಎಷ್ಟು ದೂರ ದುಡ್ಯಾಕ ಹೋದವರೂ ಊರಿಗಿ ಬರ್ತಾರ. ನಾನೂ ಅದಕ್ಕ ಹೋಗಿದ್ದೆ."

ತರಗತಿಯಲ್ಲಿ ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ನನಗೆ ಪೂರ್ತಿ ಅರ್ಥವಾಯಿತು.

"ನಿನಗೆ ಕನ್ನಡ ಬರುತ್ತಾ?" ಎಂಬ ಮೂರ್ಖ ಪ್ರಶ್ನೆ ಮೊದಲು ಬಾಯಿಗೆ ಬಂತು.

"ಮನ್ಯಾಗ ಅದೇ ಮಾತಾಡ್ತೀವ್ರಿ."

"ಸೋಮವಾರ ಬೈದಾಗ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ. ಎದ್ದು ನಿಲ್ಲು ಅಂದ್ರಿ, ನಿಂತೆ."

ಮುಖ ಕಾದ ಕಾವಲಿಯಾಗಿತ್ತು. ಬೋರ್ಡಿನ ಕಡೆ ತಿರುಗಿದೆ. ಸಾಲುಗಳು ಹಾಗೇ ಇದ್ದವು, ಒಂದರ ಕೆಳಗೊಂದು ನೆಟ್ಟಗೆ. ಮೊದಲ ಸಾಲಿನ ಎದುರು ಕೆಂಪು ಚಾಕಿನಿಂದ ಅಡ್ಡಗೆರೆ ಎಳೆದೆ. "ಈಕೆ ಹೇಳಿದ್ದು ಸರಿ. ಬರೆದವಳು ತಪ್ಪು," ಎಂದು ಮರಾಠಿಯಲ್ಲಿ ಹೇಳಿದೆ. ಬರೆದವಳು ಯಾರು ಎಂದು ಮಕ್ಕಳು ಕೇಳಿದರು. ನಾನು ಅಂದೆ.

ಅಂದು ಮಧ್ಯಾಹ್ನವೇ ಮಾಜಿವಾಡಾಕ್ಕೆ ಹೋದೆ. ಊಟದ ಗಲಾಟೆ ಮುಗಿದು ಸಂಜೀವಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಹೊರಗೆ ಹೈವೇಯ ಟ್ರಕ್ಕುಗಳ ಸದ್ದಿಗೆ ನಾನೂ ಅವರೂ ಕಿರುಚಿಯೇ ಮಾತಾಡಬೇಕಾಯಿತು. ಜಗಳಕ್ಕೆ ಅನುಕೂಲವೇ ಆಯಿತು.

"ನನ್ನ ವರದಿ ತಪ್ಪು, ಸಂಜೀವಣ್ಣ. ವಾಪಸ್ ತೆಗೆದುಕೊಳ್ತೇನೆ."

"ತಪ್ಪು ಎಲ್ಲಿ? ಮಕ್ಕಳು ಇರ್ಲಿಲ್ಲ, ಅದು ಸುಳ್ಳಾ? ತರ್ಕ ಸರಿ ಉಂಟು ಅಂತ ನೀನೇ ಹೇಳಿದ್ದಲ್ವಾ?"

"ತರ್ಕ ಸರಿ. ಅದಕ್ಕೆ ಹಾಕಿದ ಮಾತು ಸುಳ್ಳು. ನಮಗೆ ಗೊತ್ತಿಲ್ಲದ ಹಬ್ಬ ಇರಲಿಕ್ಕಿಲ್ಲ ಅಂತ ನಮಗೆ ಯಾರು ಹೇಳಿದ್ದು?"

ಅವರು ಲೋಟ ಕೆಳಗಿಟ್ಟರು. "ಠರಾವು ಆಗಿ ಹೋಗಿದೆ ಮಾರಾಯ್ತಿ. ಗುರುಗಳಿಗೆ ಟಿಕೆಟ್ ಬುಕ್ ಆಗಿದೆ. ನಾನೊಬ್ಬನೇ ಅಳಿಸ್ಲಿಕ್ಕೆ ಆಗುದಿಲ್ಲ. ಬರುವ ಭಾನುವಾರ ಜನರಲ್ ಬಾಡಿ ಉಂಟು. ಧೈರ್ಯ ಇದ್ರೆ ಎಲ್ಲರ ಮುಂದೆ ಹೇಳು."

"ಹೇಳ್ತೇನೆ. ನೀವು ಹಾಲಿನಲ್ಲಿ ಕುರ್ಚಿ ಜಾಸ್ತಿ ಹಾಕಿಸಿ."

ಬಾಯಿಗೆ ಬಂದದ್ದು ಹೇಳಿ ಬಂದೆ. ಇನ್ನು ಬಿಡುವ ಪ್ರಶ್ನೆ ಇರಲಿಲ್ಲ. ಒಬ್ಬಳ ಹೆಸರಿನ ಮುಂದೆ ಸುಳ್ಳು ಅಂತ ಬರೆಸಿದ ಪುಸ್ತಕದಲ್ಲಿ ನನ್ನ ಸಹಿ ಒಣಗುತ್ತಿತ್ತು.

ಕಸ್ತೂರಿಯನ್ನು ಹುಡುಕಲು ಎರಡು ಮಧ್ಯಾಹ್ನ ಬೇಕಾಯಿತು. ಅವಳ ಖೋಲಿಗೆ ಬೀಗ. ಒಂದು ಸೈಟಿನಿಂದ ಇನ್ನೊಂದಕ್ಕೆ ಕೇಳುತ್ತ ಹೋದೆ, ವಾಚ್‌ಮನ್‌ಗಳು ನನ್ನನ್ನು ಫ್ಲ್ಯಾಟ್ ಕೊಳ್ಳಲು ಬಂದವಳೆಂದು ತಿಳಿದು ಸೇಲ್ಸ್ ಆಫೀಸಿಗೆ ಕಳಿಸಿದರು. ಕೊನೆಗೆ ಸಿಕ್ಕಿದ್ದು ಅರ್ಧ ಎದ್ದ ಕಟ್ಟಡವೊಂದರ ಹಿಂದೆ, ಮರಳ ರಾಶಿಯ ನೆರಳಿನಲ್ಲಿ. ತಲೆಗೆ ಸಿಂಬಿ, ಕೈಗೆಲ್ಲ ಸಿಮೆಂಟು. ಮತ್ತೆ ಇಟ್ಟಿಗೆ ಹೊರುತ್ತಿದ್ದಳು. ಊಟದ ಹೊತ್ತು, ಜೊತೆಗೆ ನಾಲ್ಕಾರು ಹೆಂಗಸರು.

ನನ್ನ ಹೆಸರು ಹೇಳಿದೆ. ಅವಳಿಗೆ ಅದು ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದಳು.

"ಕ್ಷಮೆ ಕೇಳಲು ಬಂದೆ," ಅಂದೆ. "ಹಬ್ಬದ ವಿಷಯ ನನಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅಂದ್ರ ಏನಾಯ್ತ್ರಿ. ನಿಮ್ ಕಡಿ ಇಲ್ಲ, ನಿಮಗ ಹ್ಯಾಂಗ ಗೊತ್ತಿರ್ತದ?" ಅವಳ ದನಿ ಏರಲಿಲ್ಲ. "ನಾಕು ದಿನ ಬಂದೀರಿ. ಅಲ್ಲಿ ಸಿದ್ದಮ್ಮನ ಮಕ್ಕಳು ಇಬ್ಬರು ಇದ್ದರು. ಅವರ ಅವ್ವ ಬಾಣಂತಿ, ಅದಕ್ಕ ಊರಿಗಿ ಹೋಗಿರಲಿಲ್ಲ. ಯಾಕ ಹೋಗ್ಯಾರ ಅಂತ ಒಂದು ಮಾತು ಆ ಹುಡುಗ್ಯಾರಿಗಿ ಕೇಳಿದ್ರ ಹೇಳ್ತಿದ್ದರು. ಕೇಳಲಿಲ್ಲ. ಕೇಳದೇ ಸುಳ್ಳು ಅಂತ ಬರದ್ರಿ. ನಾ ಆ ಮಕ್ಕಳಿಗಿ ಸುಳ್ಳು ಹೇಳಬ್ಯಾಡ್ರಿ ಅಂತ ಕಲಸ್ತೀನಿ ಮೇಡಂ. ಈಗ ಯಾವ ಬಾಯಿಂದ ಕಲಸ್ಲಿ?"

ಸುತ್ತಲಿನ ಹೆಂಗಸರು ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಅವಳು ತನ್ನ ಗಂಟಿನಿಂದ ರೊಟ್ಟಿಯೊಂದನ್ನು ತೆಗೆದು ಎರಡಾಗಿ ಮುರಿದಳು. "ಉಣ್ಣೂ ಹೊತ್ತಿನ್ಯಾಗ ಬಂದೀರಿ. ತಗೋರಿ." ಸಿಟ್ಟು ಇಳಿದಿರಲಿಲ್ಲ. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದು ಅವಳ ರೂಢಿಯಲ್ಲಿರಲಿಲ್ಲ, ಅಷ್ಟೇ. ಹಬ್ಬಕ್ಕೆಂದು ಊರಿನಲ್ಲಿ ಬಡಿದ ಸಜ್ಜೆ ರೊಟ್ಟಿ, ಒಣಗಿ ಕಟಕಟ ಅನ್ನುತ್ತಿತ್ತು, ಮೇಲೆಲ್ಲ ಎಳ್ಳು. ನಾಲ್ಕು ದಿನ ಹುಡುಕದೆ ಬಿಟ್ಟ ಸಾಕ್ಷಿಯನ್ನು ಕೈಯಲ್ಲಿ ಹಿಡಿದು ಕೂತೆ. ಕೊನೆಯ ಚೂರಿನವರೆಗೂ ತಿಂದೆ.

"ಕ್ಲಾಸು ಮತ್ತೆ ಶುರುವಾದರೆ ಬರುತ್ತೀರಾ?" ಎಂದು ಕೇಳಿದೆ.

"ಮೊದಲ ಆ ಸಾಲು ಹೊಡೀರಿ. ಯಾರ ಮುಂದ ಬರದೀರಿ, ಅವರ ಮುಂದೇ ಹೊಡೀರಿ. ಆಮ್ಯಾಲೆ ಮಾತು."

ಶನಿವಾರ ಇಡೀ ಮಧ್ಯಾಹ್ನ ಹಾಲಿನಲ್ಲಿ ಕಳೆದೆ. ಹಬ್ಬ ನಿಜವೆಂದು ಒಪ್ಪಿದರೂ, ಉಳಿದ ವಾರಗಳಲ್ಲಿ ಮಕ್ಕಳು ಬರುತ್ತಿದ್ದರು ಎಂಬುದಕ್ಕೆ ಏನು ಆಧಾರ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ನಾನಾಗಿದ್ದರೂ ಕೇಳುತ್ತಿದ್ದೆ. ಮೂಲೆಯಲ್ಲಿ ಒಂದು ಕಬ್ಬಿಣದ ಕಪಾಟಿತ್ತು. ತೆರೆದರೆ ಮಕ್ಕಳ ಪಟ್ಟಿಗಳು, ಎಂದರೆ ಬರೆಯುವ ನೋಟ್‌ಬುಕ್ಕುಗಳು, ಇಪ್ಪತ್ತಾರೂ, ಹೆಸರಿನ ಪ್ರಕಾರ ಜೋಡಿಸಿಟ್ಟದ್ದು. ಪ್ರತಿ ಪುಟದ ಮೇಲೆ ತಾರೀಖು, ಕೆಳಗೆ ಕೆಂಪು ಶಾಯಿಯಲ್ಲಿ ಕಸ್ತೂರಿಯ ಸಹಿ. ದಸರೆ ಕಳೆದಂದಿನಿಂದ ಅಮಾವಾಸ್ಯೆಯ ವಾರದ ಹಿಂದಿನ ಶನಿವಾರದವರೆಗೂ ಕಾಗುಣಿತ, ಮಗ್ಗಿ, ಊರಿಗೆ ಬರೆದ ಪತ್ರದ ಅಭ್ಯಾಸ. ಒಂದು ಪಟ್ಟಿಯ ಕೊನೆಯ ಪುಟದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: ನಾಳೆ ಊರಿಗೆ ಹೋಗುತ್ತೇವೆ. ಎಳ್ಳಮಾವಾಸ್ಯೆ ಹಬ್ಬ ಬಂದಿದೆ. ನನಗೆ ಖುಷಿಯಾಗಿದೆ.

ಆ ಕಪಾಟಿಗೆ ಬೀಗವಿರಲಿಲ್ಲ. ನಾಲ್ಕು ದಿನ ಅದರ ಪಕ್ಕದಲ್ಲೇ ಕೂತು ನಾನು ಸೊನ್ನೆ, ಎರಡು ಎಂದು ಬರೆದುಕೊಂಡಿದ್ದೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅತ್ತು ಮುಗಿದ ಮೇಲೆ ಎಲ್ಲ ಪಟ್ಟಿಗಳನ್ನೂ ಚೀಲಕ್ಕೆ ತುಂಬಿಕೊಂಡೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಜನರಲ್ ಬಾಡಿ. ಸಂಜೀವಣ್ಣ ಕುರ್ಚಿ ಜಾಸ್ತಿಯೇ ಹಾಕಿಸಿದ್ದರು. ಕಸ್ತೂರಿ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ನಾನು ಮಾತಿಗೆ ನಿಂತಾಗ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ನಾಲ್ಕಾರು ತಾಯಂದಿರ ಜೊತೆ ಗೋಡೆಗೊರಗಿ ನಿಂತಿದ್ದಳು. ಅಂದು ಸೀರೆ ಇಸ್ತ್ರಿ ಮಾಡಿದ್ದಿತ್ತು.

ನಡೆದದ್ದೆಲ್ಲ ಹೇಳಿದೆ. ಮುಂದಿನ ಸಾಲಿನಿಂದ ಬ್ಯಾಂಕಿನಲ್ಲಿದ್ದವರೊಬ್ಬರು ಎದ್ದರು. "ಅವರು ಹಬ್ಬ ಅಂತಾರೆ, ನೀವು ಈಗ ಹೌದು ಅಂತೀರಿ. ಕ್ಯಾಲೆಂಡರಿನಲ್ಲಿ ಇಲ್ಲದ್ದನ್ನು ನಾವು ಹೇಗೆ ನಂಬುವುದು?"

"ಆಷಾಢದ ಅಮಾವಾಸ್ಯೆ ದಿನ ನಿಮ್ಮ ಮನೆಯಲ್ಲಿ ಬೆಳಿಗ್ಗೆ ಏನು ಕುಡಿಯುತ್ತೀರಿ?" ಎಂದು ಕೇಳಿದೆ.

ಹಾಲಿನಲ್ಲಿ ಸಣ್ಣ ನಗೆ. ನಮ್ಮ ಕಡೆ ಅದು ಆಟಿ ಅಮಾವಾಸ್ಯೆ. ಹಾಲೆ ಮರದ ತೊಗಟೆಯ ಕಷಾಯವನ್ನು ಬರಿಹೊಟ್ಟೆಗೆ ಕುಡಿಯಲೇಬೇಕು. ಕಹಿ ಎಂದರೆ ಎಂಥ ಕಹಿ, ಇಡೀ ದಿನ ನಾಲಗೆ ನಮ್ಮದಲ್ಲ. ಡೊಂಬಿವಲಿಯಲ್ಲಿ ಅದನ್ನು ಹುಡುಕುವುದು ಯಾರು? ಊರಿನಿಂದ ಬಸ್ಸಿನಲ್ಲಿ ತೊಗಟೆಯ ಕಟ್ಟು ಬರುತ್ತದೆ, ಅಮ್ಮ ಬೆಳ್ಳುಳ್ಳಿ, ಓಮ ಹಾಕಿ ಒಗ್ಗರಣೆ ಕೊಟ್ಟು ಒಬ್ಬೊಬ್ಬರನ್ನೇ ಹಿಡಿದು ಕುಡಿಸುತ್ತಾಳೆ. ಅದೇ ದಿನ ನಮ್ಮ ಬಿಲ್ಡಿಂಗಿನ ಮರಾಠಿ ಗಂಡಸರು ಶ್ರಾವಣ ಬಂದರೆ ಕುಡಿಯುವಂತಿಲ್ಲ, ಅದಕ್ಕೆ ಮುಂಚೆ ಕೊನೆಯದೊಂದು ಎಂದು ಬೇರೆಯದೇ ಕಹಿ ಕುಡಿಯುತ್ತಿರುತ್ತಾರೆ.

"ನಮ್ಮ ಕಷಾಯ ಅವರ ಕ್ಯಾಲೆಂಡರಿನಲ್ಲಿ ಇಲ್ಲ," ಅಂದೆ. "ನಮ್ಮ ಬಿಲ್ಡಿಂಗಿನವರಿಗೆ ಗೊತ್ತಿಲ್ಲ, ನನ್ನ ಪ್ರಿನ್ಸಿಪಾಲರಿಗೂ ಗೊತ್ತಿಲ್ಲ. ಹಬ್ಬವಾಗಿದ್ದರೆ ನಮಗೆ ಗೊತ್ತಿರುತ್ತಿತ್ತು, ಗೊತ್ತಿಲ್ಲ, ಆದ್ದರಿಂದ ಈ ತುಳುವರು ಸುಳ್ಳು ಹೇಳುತ್ತಾರೆ ಅಂತ ಅವರು ಬರೆದರೆ? ನಾವು ಕಸ್ತೂರಿ ಟೀಚರಿಗೆ ಮಾಡಿದ್ದು ಅದನ್ನೇ. ಒಂದಕ್ಷರವೂ ಬೇರೆಯಿಲ್ಲ."

ನಾನು ಚೀಲ ಬಿಚ್ಚಿ ಪಟ್ಟಿಗಳನ್ನು ಮೇಜಿನ ಮೇಲೆ ಜೋಡಿಸಿದೆ. ಮೊದಲ ಸಾಲಿನವರು ಒಂದೊಂದಾಗಿ ಎತ್ತಿಕೊಂಡು ಹಿಂದಕ್ಕೆ ದಾಟಿಸಿದರು. "ಎಂಥ ಅಕ್ಷರ ಮಾರಾಯ್ರೆ! ನನ್ನ ಮೊಮ್ಮಗನಿಗೆ ತನ್ನ ಹೆಸರು ಬರೀಲಿಕ್ಕೆ ಬರುದಿಲ್ಲ," ಎಂದು ಹಿಂದಿನಿಂದ ಯಾರೋ ವಯಸ್ಸಾದವರು ಹೇಳಿದರು.

"ಅದೆಲ್ಲ ಸರಿ. ಯಕ್ಷಗಾನ ಬೇಡ ಅಂತಲಾ?" ಬ್ಯಾಂಕಿನವರು ಸುಲಭಕ್ಕೆ ಬಿಡುವವರಲ್ಲ.

"ಬೇಕು. ಕ್ಲಾಸು ನಾಲ್ಕಕ್ಕೆ ಮುಗಿಯುತ್ತದೆ. ನಿಮ್ಮ ಮೊಮ್ಮಕ್ಕಳು ಶಾಲೆ ಬಿಟ್ಟು ಮನೆಗೆ ಬರುವುದು ಐದಕ್ಕೆ. ಇದೋ ಅದೋ ಒಂದನ್ನೇ ಆರಿಸಬೇಕು ಅಂತ ನಮಗೆ ಅನಿಸಿದ್ದು ಯಾಕೆ?"

ಸಂಜೀವಣ್ಣ ಎದ್ದು ಕಪಾಟಿನಿಂದ ಠರಾವಿನ ಪುಸ್ತಕ ತೆಗೆದು ಆ ಪುಟ ಹುಡುಕಿ ನನ್ನ ಮುಂದಿಟ್ಟರು. ಜೇಬಿನಿಂದ ಪೆನ್ನು ತೆಗೆದು ಕೊಟ್ಟರು.

"ಹೊಡಿ. ನಾನೂ ಸಹಿ ಹಾಕ್ತೇನೆ. ಆ ಮಾತು ಮೊದಲು ಹೇಳಿದ್ದು ನಾನೇ."

ಸುಳ್ಳು ಕಾರಣ ಎಂಬ ಸಾಲನ್ನು ಹೊಡೆದೆ. ಕೆಳಗೆ ಬರೆದೆ: ಟೀಚರ್ ಹೇಳಿದ್ದು ನಿಜ. ವಿಚಾರಿಸದೆ ವರದಿ ಕೊಟ್ಟದ್ದು ನನ್ನ ತಪ್ಪು. ಕ್ಲಾಸು ಮುಂದುವರಿಯುತ್ತದೆ. ಸಂಜೀವಣ್ಣ ಸಭೆಯ ಕಡೆ ನೋಡಿ, ಒಪ್ಪಿಗೆ ಇದ್ದವರು ಕೈ ಎತ್ತಿ ಅಂದರು. ಎಲ್ಲ ಕೈಗಳೂ ಏಳಲಿಲ್ಲ, ಬೇಕಾದಷ್ಟು ಎದ್ದವು. ಇಬ್ಬರೂ ಸಹಿ ಹಾಕಿದೆವು.

ಕಸ್ತೂರಿ ಒಳಗೆ ಬಂದಳು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಹೊಡೆದ ಸಾಲನ್ನೂ ಕೆಳಗಿನ ಮೂರು ಸಾಲುಗಳನ್ನೂ ಗಟ್ಟಿಯಾಗಿ, ಕ್ಲಾಸಿನಲ್ಲಿ ಓದುವ ಹಾಗೆ ನಿಲ್ಲಿಸಿ ನಿಲ್ಲಿಸಿ ಓದಿದಳು. ಬಾಗಿಲ ಹೊರಗಿನ ತಾಯಂದಿರಿಗೆ ಓದಲು ಬರುತ್ತಿರಲಿಲ್ಲ, ಅವರಿಗೆ ಕೇಳಲಿ ಅಂತ. ಆಮೇಲೆ ಕೈ ಚಾಚಿದಳು.

"ಕೀಲಿ ಕೊಡ್ರಿ. ನಾಳಿ ಎರಡಕ್ಕ ಬರ್ತೀನಿ."

ಸವಿತಾಳಿಗೆ ಕಾಲೇಜಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳಿದೆ. ಅವಳು ನಾಚಿಕೊಂಡು ಕೂತುಬಿಟ್ಟಳು. ಮುಂದೆ ಹನ್ನೆರಡನೆಯದರಲ್ಲಿ ತರ್ಕಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂತು, ಆದರೆ ಅದರಲ್ಲಿ ನನ್ನ ಪಾಲು ಕಡಿಮೆ. ಅಂದಿನಿಂದ ನಾನು ಎರಡನೇ ಪ್ರಶ್ನೆಯನ್ನು ಜೂನ್ ತಿಂಗಳಲ್ಲಿ ಬಿಡುವುದನ್ನು ಬಿಟ್ಟೆ. ಪರೀಕ್ಷೆಯಲ್ಲಿ ಅಂಕವಿಲ್ಲದಿದ್ದರೂ ಮಾರ್ಚ್‌ವರೆಗೂ ಕೇಳುತ್ತೇನೆ. ಇದು ನಿಜವೇ? ಯಾರನ್ನು ಕೇಳಿದೆ?

ಮರುವರ್ಷ ಚಳಿ ಬಂತು, ಅಮಾವಾಸ್ಯೆಯೂ ಬಂತು. ಆ ವರ್ಷದ ಸಂಘದ ಕ್ಯಾಲೆಂಡರಿನಲ್ಲಿ ಆ ಚೌಕ ಕೆಂಪಾಗಿತ್ತು, ಸಂಜೀವಣ್ಣ ಪ್ರೆಸ್ಸಿಗೆ ತಾವೇ ಹೋಗಿ ಹಾಕಿಸಿದ್ದರು. ಹೊರಡುವ ಮುನ್ನಾದಿನ ಕಸ್ತೂರಿ ಕೀಲಿಯನ್ನು ನನ್ನ ಕೈಗೆ ಕೊಟ್ಟಳು. "ಯಾರೂ ಬರಂಗಿಲ್ರಿ ಮೇಡಂ. ಈ ಸಲ ಸಿದ್ದಮ್ಮನ ಮಕ್ಕಳೂ ನಮ್ ಜೋಡಿ ಊರಿಗಿ ಬರಲಾಕತ್ಯಾರ. ನೀವು ಸುಮ್ನ ಅಷ್ಟು ದೂರ ಬರಬ್ಯಾಡ್ರಿ."

ಆದರೂ ಹೋದೆ. ಕಲ್ಯಾಣದಿಂದ ಠಾಣೆ, ಠಾಣೆಯಿಂದ ಘಣಸೋಲಿ. ಸೈಟುಗಳಲ್ಲಿ ಮಿಕ್ಸರಿನ ಸದ್ದಿರಲಿಲ್ಲ. ಮೆಟ್ಟಿಲ ಮೇಲೆ ಕುಂಟೆಬಿಲ್ಲೆಯ ಗೆರೆಗಳು ಮಾತ್ರ ಇದ್ದವು. ಬೀಗ ತೆಗೆದು, ಕಿಟಕಿ ತೆರೆದು, ಎರಡು ಗಂಟೆಗೆ ಸರಿಯಾಗಿ ಟೀಚರಿನ ಕುರ್ಚಿಯಲ್ಲಿ ಕೂತೆ. ನಾಲ್ಕರವರೆಗೂ ಯಾರೂ ಬರಲಿಲ್ಲ. ಅಷ್ಟು ಹೊತ್ತಿಗೆ ಅವರೆಲ್ಲ ಹೊಲದಲ್ಲಿ ಉಂಡು ಮುಗಿಸಿ, ಮಕ್ಕಳು ಕಡಲೆ ಗಿಡ ಕಿತ್ತು ತಿನ್ನುತ್ತಿರಬಹುದು ಅಂದುಕೊಂಡೆ.

ಹಾಜರಿ ಪುಸ್ತಕ ತೆರೆದು ಆ ದಿನದ ಸಾಲಿನಲ್ಲಿ ಬರೆದೆ. ಹಾಜರಿ: ಸೊನ್ನೆ. ಕಾರಣ: ಹಬ್ಬ. ವಿಚಾರಿಸಿದ್ದೇನೆ. ಕೆಳಗೆ ಸಹಿ ಹಾಕಿ, ಬೀಗ ಹಾಕಿಕೊಂಡು ಮನೆಗೆ ಬಂದೆ.